ಕಸಗೊಂಡ ಫೋನ್

ನಾ ತಿಕೋಟಾದಾಗ ಸಾಲಿ ಮಾಸ್ತರ. ಪಾಠದ ನಡುವ ರೀಲ್ಸ್ ನೋಡಾಕತ್ತಿದ್ದ ಹತ್ತನೇ ಇಯತ್ತೆ ಹುಡುಗಿಯ ಫೋನ್ ಕಸಗೊಂಡು, "ನಾಳೆ ನಿಮ್ಮಪ್ಪನ್ನ ಕರಕೊಂಡು ಬಾ" ಅಂದಿದ್ದೆ. ಕಳ್ಳಕವಟಗಿಯಿಂದ ಅಪ್ಪ ಬಂದ. ಕುರಿ ಕಾಯಾಂವ, ಹೆಗಲ ಮ್ಯಾಲ ಕಂಬಳಿ.

"ಈ ರೀಲ್ಸ್‌ನಿಂದ ನಿಮ್ಮ ಮಗಳ ಓದು ಹಾಳಾಗಾಕತ್ತೈತಿ" ಅಂತ ಜೋರಾಗಿ ಭಾಷಣ ಶುರು ಮಾಡಿದೆ.

"ತಪ್ಪು ನಂದೈತ್ರಿ ಸರ. ಫೋನ್ ನಂದು, ರೀಲ್ಸೂ ನಂದು. ನನ್ನ ಕುರಿ ವಿಡಿಯೋಕ್ಕ ಮಂದಿ ಕಮೆಂಟ್ ಹಾಕ್ತಾರ. ನನಗ ಓದಾಕ ಬರೂದಿಲ್ಲ, ಅಕಿನೇ ಓದಿ ಉತ್ತರ ಬರೀತಾಳ. ಅಕಿ ಓದು ಹಾಳಾದ್ರ ನನ್ನ ಗತಿ ಏನ್ರಿ?"

ನಾ ಫೋನ್ ತಿರುಗಿ ಕೊಟ್ಟೆ. ಅಂವ ಕ್ಯಾಮೆರಾ ಚಾಲೂ ಮಾಡಿ ಅದನ್ನ ನನ್ನ ಮಾರಿಗೆ ಹಿಡಿದು, "ಆಗ ಬೈದ್ರಲ್ಲ, ಹಂಗ ಇನ್ನೊಮ್ಮೆ ಬಯ್ರಿ ಸರ" ಅಂದ.

ಮೊದಲ ಕೂದಲಾ ತೀಡಿಕೊಂಡೆ. ಆಮ್ಯಾಲ ಬೈದೆ.