ಗಿರಣಿಯ ತೊಲೆಯ ಮೇಲಿದ್ದ ಇಸವಿ

ಮುಂಬಯಿ ಬಳಿಯ ಕಲ್ಯಾಣದಲ್ಲಿ, ಖಾಡಿ ಎನ್ನುವ ಕಡಲ ಹಿನ್ನೀರಿನ ದಂಡೆಯಲ್ಲಿ ಪಾಳುಬಿದ್ದಿದ್ದ ಅಕ್ಕಿ ಗಿರಣಿಯನ್ನು ಕೆಡವದೆ ವಾಚನಾಲಯವಾಗಿಸುವ ಕೆಲಸ ಹಿಡಿದವಳು, ಡೊಂಬಿವಲಿಯಲ್ಲಿ ನಮ್ಮದೇ ಬಿಲ್ಡಿಂಗಿನ ತರುಣ ವಾಸ್ತುಶಿಲ್ಪಿ. ಕಟ್ಟಡದ ಕಾಲನಿರ್ಣಯದ ಹೊಣೆಯನ್ನು ಇತಿಹಾಸದ ಮೇಷ್ಟ್ರಾಗಿದ್ದ ನನಗೆ ಒಪ್ಪಿಸಿದಳು. ಯಾವ ಇಸವಿಯನ್ನೂ ಮೂರು ಆಧಾರಗಳಲ್ಲಿ ತಾಳೆ ನೋಡದೆ ನಾನು ಬರೆದವನಲ್ಲ.

ಮಹಡಿಯನ್ನು ಹೊತ್ತ ಕಬ್ಬಿಣದ ತೊಲೆಯ ಮೇಲೆ ಇಸವಿಯೊಂದು ಉಬ್ಬಚ್ಚಾಗಿತ್ತು. ಜಾಗದ ಕರಾರುಪತ್ರವೂ ಹಳೆಯ ನಕ್ಷೆಯೂ ಅದಕ್ಕೆ ಹೊಂದಿದವು. ಮಹಡಿ ಕಟ್ಟಡದಷ್ಟೇ ಹಳೆಯದು, ಮೂಟೆಗಳ ಭಾರಕ್ಕೆಂದೇ ಕಟ್ಟಿದ್ದು ಎಂದು ಬರೆದುಕೊಟ್ಟೆ. ಆ ಟಿಪ್ಪಣಿಯನ್ನು ನಂಬಿ, ಗೋಡೆಯೊಳಗೆ ಹೂತಿದ್ದ ತೊಲೆಯ ತುದಿಗಳನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಉದ್ಘಾಟನೆಗೆ ಒಂದು ವಾರವಿದ್ದಾಗ, ಭಾನುವಾರ ಬೆಳಿಗ್ಗೆ, ಹಳೆಯ ತೆರಿಗೆ ದಾಖಲೆಯ ಝೆರಾಕ್ಸ್ ಪ್ರತಿಯನ್ನು ಮತ್ತೆ ಓದಿದೆ. ತೊಲೆಯ ಇಸವಿಗಿಂತ ಎಷ್ಟೋ ವರ್ಷ ಈಚಿನದು ಅದು. ಮೊದಲ ಓದಿನಲ್ಲಿ ಕಣ್ಣುತಪ್ಪಿದ ಸಾಲೊಂದರಲ್ಲಿ ‘ನೆಲ ಅಂತಸ್ತು ಮಾತ್ರ, ಹೆಂಚಿನ ಮಾಡು’ ಎಂದಿತ್ತು. ಅಂದರೆ ಆಗ ಮಹಡಿಯೇ ಇರಲಿಲ್ಲ; ತೊಲೆಗಳು ಆಮೇಲೆ ಬೇರೆಲ್ಲಿಂದಲೋ ಬಂದವು.

ಅದೇ ಹೊತ್ತಿಗೆ ನನ್ನ ಹೆಂಡತಿ, ಕನ್ನಡ ಸಂಘದ ಹೆಂಗಸರೊಂದಿಗೆ, ಉದ್ಘಾಟನೆಗೆಂದು ಆ ಮಹಡಿಯ ಮೇಲೆ ಕುಣಿತ ಭಜನೆಯ ಅಭ್ಯಾಸದಲ್ಲಿದ್ದಳು. ಫೋನು ಮಾಡಿದೆ, ಅವಳು ಎತ್ತಲಿಲ್ಲ. ವಾಸ್ತುಶಿಲ್ಪಿಗೆ ವಿಷಯ ತಿಳಿಸಿ ಲೋಕಲ್ ರೈಲು ಹಿಡಿದೆ.

ಗಿರಣಿಯ ಗೇಟಿನಲ್ಲಿ ಕಾವಲಿಗೆ ಕೂರುತ್ತಿದ್ದವನು ವಿಜಾಪುರ ಕಡೆಯ ಮುದುಕ, ಹಿಂದೆ ಅಲ್ಲಿಯೇ ಹಮಾಲಿ ಮಾಡಿದವನು. ತೊಲೆಗಳ ಬಗ್ಗೆ ಕೇಳಿದೆ.

“ಗರ್ಡರ್ ಏನ್ರಿ? ಕಳಂಬೋಲಿ ಕಬ್ಬಿಣದ ಮಾರ್ಕೆಟ್‌ನಿಂದ ಟ್ರಕ್‌ನ್ಯಾಗ ಬಂದಾವ್ರಿ. ಯಾವುದೋ ಕೆಡವಿದ ಶೆಡ್ಡಿನವು. ನಾವೇ ಹೊತ್ತು ಇಳಿಸೀವಿ.”

“ಮೊದಲೇ ಹೇಳಬಾರದಿತ್ತೇ?”

“ಮೂರ್ ತಿಂಗಳಾತು, ನನ್ನ ಮುಂದನ ಕಾಗದ ಹಿಡಕೊಂಡು ಹಾದು ಹೊಕ್ಕೀರಿ. ಕೇಳಿದ್ರ ಹೇಳತಿದ್ದೆ.”

ಮೇಲೆ ಮೂವತ್ತು ಜೊತೆ ಕಾಲುಗಳು ಒಂದೇ ತಾಳಕ್ಕೆ ಬೀಳುತ್ತಿದ್ದವು. ಕೂಗಿದರೆ ಎಲ್ಲರೂ ಒಟ್ಟಿಗೆ ಮೆಟ್ಟಿಲಿಗೆ ನುಗ್ಗುತ್ತಾರೆ ಎಂಬ ಭಯದಿಂದ ಮೆಲ್ಲನೆ ಹತ್ತಿ, ಬಾಗಿಲಲ್ಲಿ ನಿಂತು ಕೈ ಎತ್ತಿದೆ. ತಾಳ ನಿಂತಿತು.

“ಸರ್‌ಗೆ ಹೆಂಡ್ತಿ ಕುಣಿಯುದು ನೋಡ್ಲಿಕ್ಕೆ ಆಗುದಿಲ್ವಾ ಅಂತ,” ಒಬ್ಬಾಕೆ ನಕ್ಕಳು.

“ಇಬ್ಬಿಬ್ಬರಾಗಿ, ಗೋಡೆ ಬದಿಯಿಂದ ಇಳಿಯಿರಿ. ನಿಧಾನ.”

“ಎಂತ ಆಯ್ತು ನಿಮಗೆ? ಬಿಪಿ ಮಾತ್ರೆ ತಗೊಂಡಿದ್ದೀರಾ?” ಹೆಂಡತಿ ಕೇಳಿದಳು.

“ನಾನು ಬರೆದದ್ದು ತಪ್ಪು,” ಎಂದೆ.

ಅವಳು ಉಳಿದವರನ್ನು ಜೊತೆಜೊತೆಯಾಗಿ ಕಳುಹಿಸಿ, ಕೊನೆಯವಳಾಗಿ ಇಳಿದಳು. ಅಷ್ಟು ಹೊತ್ತೂ ನಾನು ಹಲಗೆಗಳ ಸದ್ದಿಗೆ ಕಿವಿಗೊಟ್ಟು ನಿಂತಿದ್ದೆ.

ಮಧ್ಯಾಹ್ನ ವಾಸ್ತುಶಿಲ್ಪಿ ಒಂದು ತುದಿಯ ಗಾರೆ ಕೆತ್ತಿಸಿದಳು. ಹಳೆಯ ಬೋಲ್ಟುಗಳ ಖಾಲಿ ತೂತುಗಳು ಸಾಲಾಗಿದ್ದವು. ಸುತ್ತಲಿನ ತುಕ್ಕುಹಿಡಿದ ಕಬ್ಬಿಣ ಅವಳ ಬೆರಳಿಗೇ ಪದರುಪದರಾಗಿ ಬಂತು.

“ಅಂಕಲ್, ಉದ್ಘಾಟನ್ ಅಭೀ ನಹೀ ಹೋಗಾ,” ಎಂದಳು, ಉದ್ಘಾಟನೆ ಈಗ ಆಗದೆಂದು. ಬೆರಳಿನ ತುಕ್ಕು ಒರೆಸಿಕೊಳ್ಳುತ್ತ, “ಠಾಣೆವಾಲಾ ಗೋದಾಮ್ ಭೀ ಆಪ್ ಹೀ ನೇ ದೇಖಾ ಥಾ ನಾ?”

ಹೌದು, ಠಾಣೆ ಊರಿನ ಗೋದಾಮನ್ನೂ ನಾನೇ ನೋಡಿ ಇಸವಿ ಬರೆದುಕೊಟ್ಟಿದ್ದೆ. ಖಾಡಿಯಂಚಿನ ಆ ಗೋದಾಮಿನ ಮಹಡಿಯಲ್ಲಿ ಈಗ ದಿನವೂ ಜನ ಕುಳಿತು ಕೆಲಸ ಮಾಡುತ್ತಾರೆ. ಅಲ್ಲಿಯೂ ನಾನು ಕಾಗದಗಳನ್ನಷ್ಟೇ ಕೇಳಿದ್ದೆ. ಮನೆಗೆ ಹೋಗದೆ ಠಾಣೆ ಕಡೆಯ ಲೋಕಲ್ ಹತ್ತಿದೆ.