ಏಕಾಂತಪ್ಪ ಕೊಡದ ರಕ್ತ

ಕೊಟ್ಟೂರಿನ ಶೇಂಗಾ ವ್ಯಾಪಾರದಲ್ಲಿ ಏಕಾಂತಪ್ಪನ ಬಾಯಿಗೆ ಬೀಳದ ಮನುಷ್ಯನೇ ಇರಲಿಲ್ಲ. ರೈತರು ಕಳ್ಳರು, ಹಮಾಲರು ಮೈಗಳ್ಳರು, ಸಾಹುಕಾರ ಮಬ್ಬ, ಕಂಡಕ್ಟರು ಸೊಕ್ಕಿನವ, ಮೇಷ್ಟ್ರು ಓದಿದ ಕತ್ತೆ. ಡಾಕ್ಟರ ಮಾತಂತೂ ಬೇಡವೇ ಬೇಡ. ಮೂವತ್ತು ವರ್ಷ ಒಂದೇ ದಲಾಲಿ ಅಂಗಡಿಯಲ್ಲಿ ಶೇಂಗಾ ನೋಡುವ ಕೆಲಸ ಮಾಡಿದವನು. ಚೀಲದ ಬಾಯಿ ಬಿಚ್ಚಿದರೆ ಮೇಲಿನ ಕಾಯಿಯ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಮೊಳಕೈವರೆಗೆ ಕೈ ತೂರಿಸಿ, ಅಡಿಯಿಂದ ಒಂದು ಹಿಡಿ ಎಳೆದು, ಒಡೆದು, ಜೊಳ್ಳೆಷ್ಟು ಮಣ್ಣೆಷ್ಟು ಎಂದು ನಿಂತ ಕಾಲ ಮೇಲೆ ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ, ಅದೇ ಅವನ ತಲೆ ಕೆಡಿಸಿತ್ತು. ಲೋಕದ ಮಂದಿಯೆಲ್ಲ ಮೇಲೆ ನಾಲ್ಕು ಒಳ್ಳೇ ಕಾಯಿ ಹರವಿಕೊಂಡು ಬಂದ ಚೀಲಗಳೇ ಎಂದು ಅವನು ಖಾತ್ರಿ ಮಾಡಿಕೊಂಡಿದ್ದ.

ಅಂಥವನಿಗೆ ಎಂಬತ್ತಮೂರನೇ ಇಸವಿಯ ಸಂಕ್ರಾಂತಿ ಹೊತ್ತಿಗೆ ಉಚ್ಚೆ ಕಟ್ಟಿತು. ಆಗ ಅವನಿಗೆ ಅರವತ್ತೆರಡು. ದೂರದ ದೊಡ್ಡಾಸ್ಪತ್ರೆಯವರು, ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತದೆ, ಅದರಲ್ಲಿ ಕ್ಯಾನ್ಸರ್ ಇದೆ ಎಂದರು. ಹೊಟ್ಟೆ ಕೊಯ್ದು ಅದನ್ನು ತೆಗೆದರು. ಹದಿನೆಂಟು ದಿನ ಅಲ್ಲಿ ಮಲಗಿ, ಹದಿನೆಂಟೂ ದಿನ ನರ್ಸುಗಳನ್ನು ಬೈದು ಊರಿಗೆ ಬಂದ. ಬಂದ ಮೇಲೂ ಉಚ್ಚೆ ನಿಲ್ಲದೆ ಹನಿಯುತ್ತಿತ್ತು. ಧೋತರದೊಳಗೆ ಹಳೇ ಸೀರೆಯ ತುಂಡು ಕಟ್ಟಿಕೊಂಡು ತಿರುಗುತ್ತಿದ್ದ. ಆ ತುಂಡುಗಳನ್ನು ಒಗೆದು ಹಿತ್ತಲಲ್ಲಿ, ಯಾರಿಗೂ ಕಾಣದಂತೆ ತನ್ನ ಸೀರೆಯ ಅಡಿಗೆ ಒಣಹಾಕುತ್ತಿದ್ದವಳು ಹೆಂಡತಿ ನಾಗಲಿಂಗಮ್ಮ. ಬಟ್ಟೆ ಸರಿಯಾಗಿ ಒಣಗಿಲ್ಲ ಎಂದು ಅವಳಿಗೂ ಬೈಗುಳ ತಪ್ಪಲಿಲ್ಲ.

ಆಸ್ಪತ್ರೆಯವರು ಕಳಿಸುವಾಗ ಒಂದು ಮಾತು ಹೇಳಿದ್ದರು. ಮೂರು ತಿಂಗಳಿಗೊಮ್ಮೆ ಬಳ್ಳಾರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಆಸಿಡ್ ಫಾಸ್ಫಟೇಸ್ ಎಂದು ಅದರ ಹೆಸರು. ಆ ಅಂಕಿ ಏರಿದರೆ ರೋಗ ಮರಳಿದೆ ಎಂದೇ ಲೆಕ್ಕ, ಬೆನ್ನೆಲುಬಿಗೆ ಇಳಿದಿದ್ದರೂ ಇಳಿದಿರಬಹುದು, ತಡ ಮಾಡದೆ ಬರಬೇಕು. ಏಕಾಂತಪ್ಪ ಬಾಗಿಲು ದಾಟುವ ಮೊದಲೇ ಅವರನ್ನು ಆಡಿಕೊಂಡ. ಬೆರಳುದ್ದದ ಸೀಸೆಯಲ್ಲಿ ರಕ್ತ ಹಿಡಿದು ಇಡೀ ಮನುಷ್ಯನ ಮಾತು ಹೇಳುತ್ತಾರಂತೆ, ಚೀಲದ ಮೇಲಿನ ಎರಡು ಕಾಯಿ ನೋಡಿ ದರ ಕಟ್ಟುವ ಹೆಡ್ಡರು ಎಂದ.

ಬಾಯಲ್ಲಿ ಹೀಗೆ. ಒಳಗಿನ ಕಥೆ ನಾಗಲಿಂಗಮ್ಮನಿಗೆ ಗೊತ್ತಿತ್ತು. ರಕ್ತ ಕೊಟ್ಟು ಬಂದ ದಿನದಿಂದ ಅಂಚೆಯಲ್ಲಿ ಕಾಗದ ಬರುವ ತನಕ ಗಂಡನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪೋಸ್ಟ್‌ಮನ್ ಓಬಣ್ಣನ ಸೈಕಲ್ಲು ಓಣಿಗೆ ಬಂತೆಂದರೆ ಈ ಗಂಡುಗಲಿ ಚೊಂಬು ಹಿಡಿದು ಹಿತ್ತಲಿಗೆ ಓಡುತ್ತಿದ್ದ. ಒಂದನೇ ಕಾಗದ ಚೆನ್ನಾಗಿ ಬಂತು, ಎರಡನೆಯದೂ ಚೆನ್ನಾಗಿ ಬಂತು. ಎರಡು ಸಲವೂ ಅದನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿ, ಡಾಕ್ಟರುಗಳಿಗೆ ತನ್ನ ಮೈಯಲ್ಲಿ ಏನೂ ಸಿಗಲಿಲ್ಲ ಎಂದು ಮೆರೆದ.

ಮೂರನೇ ಪರೀಕ್ಷೆಯ ಸರದಿ ಅಕ್ಟೋಬರಿಗೆ ಬಂತು. ಹೊಸ ಶೇಂಗಾ ಬರುವ ಕಾಲ. ಮೂರನೇ ಕಾಗದ ತಂದು ತೋರಿಸಿದರೆ ಈ ಸುಗ್ಗಿಗೆ ಅಂಗಡಿಯಲ್ಲಿ ನೀನೇ ಕೂಡು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದು ಸಾಹುಕಾರ ಹೇಳಿ ಕಳಿಸಿದ್ದ. ಅದೇ ವಾರ ಏಕಾಂತಪ್ಪನಿಗೆ ಬೆನ್ನು ಹಿಡಿಯಿತು. ಸೊಂಟದ ಮೇಲೆ, ನಟ್ಟನಡುವೆ. ಬಗ್ಗಿ ಎದ್ದಿದ್ದಕ್ಕೆ ಹಿಡಿದಿರಬಹುದು, ವಯಸ್ಸಿಗೆ ಹಿಡಿದಿರಬಹುದು. ಅವನ ತಲೆಯೊಳಗೆ ಮಾತ್ರ ಒಂದೇ ಉತ್ತರ ಕೂತಿತ್ತು. ಹೆಂಡತಿಗೆ ಉಸಿರೆತ್ತಲಿಲ್ಲ.

ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋದ. ಬಳ್ಳಾರಿ ಬಸ್ಸು ಕಣ್ಣೆದುರೇ ನಿಂತಿತ್ತು, ಸೀಟೂ ಇತ್ತು. ಹತ್ತಲು ಕಾಲು ಬರಲಿಲ್ಲ. ಬಸ್ಸು ಹೋದ ಮೇಲೆ ಮನೆಗೆ ಬಂದು, ನೂಕುನುಗ್ಗಲು ಎಂದು ಒಮ್ಮೆ, ಲ್ಯಾಬು ಮುಚ್ಚಿದೆಯಂತೆ ಎಂದು ಇನ್ನೊಮ್ಮೆ ಸುಳ್ಳು ಹೇಳಿದ. ಎದುರಿನವನ ಸುಳ್ಳನ್ನು ಮೂಸಿ ನೋಡಿಯೇ ಹಿಡಿಯುತ್ತೇನೆ ಎನ್ನುವವನ ಸುಳ್ಳು ಎಷ್ಟು ಬಡಕಲಾಗಿತ್ತೆಂದರೆ ನಾಗಲಿಂಗಮ್ಮ ಮರುಪ್ರಶ್ನೆಯನ್ನೂ ಕೇಳಲಿಲ್ಲ.

ಆಗ ಅವನಿಗೆ ಹೊಳೆದದ್ದು ಮಾರುಕಟ್ಟೆಯ ಬುದ್ಧಿ. ಮಾಲು ಹೇಗಾದರೂ ಇರಲಿ, ತೋರಿಸುವ ಹಿಡಿ ಒಳ್ಳೇದಿದ್ದರೆ ಆಯಿತು. ಮೂವತ್ತು ವರ್ಷ ಯಾವ ಕಸುಬಿಗಾಗಿ ರೈತರ ಮುಖಕ್ಕೆ ಉಗಿದಿದ್ದನೋ ಅದನ್ನೇ ತಾನು ಮಾಡಲು ಹೊರಟ. ಮೂರು ತಿಂಗಳು ಎಲ್ಲರ ಬಾಯಿ ಮುಚ್ಚಿದರೆ ಸಾಕಾಗಿತ್ತು. ಒಳ್ಳೇ ಹಿಡಿ ಎಲ್ಲಿದೆ ಎಂದು ಹುಡುಕುವ ತ್ರಾಸೂ ಇರಲಿಲ್ಲ. ಹೊಸಹಳ್ಳಿಯಲ್ಲಿ ತಮ್ಮ ಕೊಟ್ರಬಸಪ್ಪ ಇದ್ದ.

ಕೊಟ್ರಬಸಪ್ಪನಿಗೆ ಐವತ್ತೆಂಟು. ಮಳೆ ನಂಬಿದ ಖುಷ್ಕಿ ಹೊಲ ಮಾಡಿಕೊಂಡು, ಒಂದು ದಿನ ಜ್ವರ ಅಂತ ಮಲಗದೆ, ಗುಂಡುಕಲ್ಲಿನಂತೆ ಇದ್ದ. ಏಕಾಂತಪ್ಪ ಅವನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿದವನಲ್ಲ. ಎತ್ತಿಗಾದರೂ ಹೋರಿಗಾದರೂ ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಇವನಿಗೆ ಅದೂ ಇಲ್ಲ ಎನ್ನುತ್ತಿದ್ದ. ಈಗ ಅವನಿಗೆ ಹೇಳಿ ಕಳಿಸಿದ. ತನಗೆ ರಕ್ತ ಕಡಿಮೆಯಾಗಿದೆ, ಬಳ್ಳಾರಿಯಲ್ಲಿ ಕೊಡಬೇಕು, ಅಲ್ಲಿ ಕೇಳಿದರೆ ತನ್ನ ಹೆಸರನ್ನೇ ಹೇಳಬೇಕು, ಹಾಗೆ ಹೇಳಿದರೇ ರಕ್ತ ತನಗೆ ಸೇರುತ್ತದೆ. ಕೊಟ್ರಬಸಪ್ಪ ಯಾಕೆ, ಎಷ್ಟು ಎಂದು ಒಂದು ಮಾತು ಕೇಳಲಿಲ್ಲ. ಕಿತ್ತ ಶೇಂಗಾ ಹೊಲದಲ್ಲೇ ಬಿಟ್ಟು ಮೊದಲ ಬಸ್ಸಿಗೆ ಬಂದ.

ಅಣ್ಣನ ಜೊತೆ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಅವನು ಎರಡು ಸಲ ಬಸ್ಸು ನಿಲ್ಲಿಸಿ ಉಚ್ಚೆಗೆ ಇಳಿದ. ಇಳಿದವನು ಬೇಗ ಹತ್ತಲಿಲ್ಲ ಬೇರೆ. ಪ್ಯಾಸೆಂಜರುಗಳು ಗೊಣಗಿದರು. ಅಣ್ಣ ಎಲ್ಲರೆದುರು ಅವನ ಮಾನ ಕಳೆದ, ದನವೂ ಇದಕ್ಕಿಂತ ತಡೆದುಕೊಳ್ಳುತ್ತದೆ ಎಂದ. ಕೊಟ್ರಬಸಪ್ಪ ನಾಚಿಕೊಂಡು ನಕ್ಕ.

ಲ್ಯಾಬಿನೊಳಗೆ ಏಕಾಂತಪ್ಪ ಹೋಗಲಿಲ್ಲ, ಎದುರಿನ ಚಾದಂಗಡಿಯಲ್ಲಿ ಕೂತ. ತಮ್ಮ ಹೋದಷ್ಟೇ ಬೇಗ ತೋಳು ಒತ್ತಿಕೊಂಡು, ಸಪ್ಪೆ ಮುಖ ಮಾಡಿಕೊಂಡು ಬಂದ. ಅಷ್ಟು ದೂರ ಬಂದಿದ್ದಕ್ಕೆ ಒಂದು ಚೊಂಬಾದರೂ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದನಂತೆ, ಒಂದು ಬೆರಳಷ್ಟೂ ತೆಗೆಯಲಿಲ್ಲವಂತೆ. ಏಕಾಂತಪ್ಪನಿಗೆ ನಗು ತಡೆಯಲಾಗಲಿಲ್ಲ. ಒಂದು ಚಾ ಕುಡಿಸಿ, ಹೊಸಹಳ್ಳಿ ಕಡೆ ಬಸ್ಸು ಹತ್ತಿಸಿ ಕೈ ತೊಳೆದುಕೊಂಡ.

ಆ ಎಂಟು ದಿನ ಏಕಾಂತಪ್ಪ ಕಂಠಮಟ್ಟ ಉಂಡ. ಓಬಣ್ಣ ಬಂದಾಗ ಬಾಗಿಲಲ್ಲೇ ನಿಂತು ಕಾಗದ ಕಸಿದುಕೊಂಡ. ಒಡೆಯದೆ ನೇರ ಊರಿನ ಡಾಕ್ಟರ ಹತ್ತಿರ ಹೋದ, ನಾಗಲಿಂಗಮ್ಮನನ್ನೂ ಕರೆದುಕೊಂಡು ಹೋದ. ಅವಳೂ ಕೇಳಿಬಿಟ್ಟರೆ ಮೂರು ತಿಂಗಳು ನೆಮ್ಮದಿ ಎಂದು ಅವನ ಎಣಿಕೆ. ಡಾಕ್ಟರು ಕಾಗದ ಓದಿದರು, ಮತ್ತೆ ಓದಿದರು, ಎದ್ದು ಬಾಗಿಲು ಹಾಕಿ ಬಂದರು. ಹಿಂದಿನ ಸಲಕ್ಕಿಂತ ಅಂಕಿ ನಾಲ್ಕು ಪಟ್ಟು ಏರಿದೆ, ನಾಳೆಯೇ ದೊಡ್ಡಾಸ್ಪತ್ರೆಗೆ ಹೊರಡಿ ಎಂದರು. ನಾಗಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಏಕಾಂತಪ್ಪನಿಗೆ ಮೊದಲು ಬಂದದ್ದು ನಗು. ಎಂಥ ಹೆಡ್ಡರು, ಗಟ್ಟಿಮುಟ್ಟಾದ ಆಳಿನ ರಕ್ತದಲ್ಲೂ ರೋಗ ಕಾಣುತ್ತಾರೆ ಎಂದುಕೊಂಡ. ಆ ನಗು ತುಟಿಗೆ ಬರುವಷ್ಟರಲ್ಲಿ ಸತ್ತುಹೋಯಿತು. ಬಸ್ಸು ನಿಲ್ಲಿಸಿ ಇಳಿದ ತಮ್ಮ, ಜಾಲಿಗಿಡದ ಮರೆಯಲ್ಲಿ ಅಷ್ಟು ಹೊತ್ತು ತಿಣುಕುತ್ತಾ ನಿಂತದ್ದು ಕಣ್ಣಿಗೆ ಕಟ್ಟಿತು. ತನಗೂ ಹಾಗೇ ಶುರುವಾಗಿತ್ತು. ಬೇರೆ ಯಾವುದಕ್ಕಾದರೂ ಅಂಕಿ ಹೀಗೆ ಏರುತ್ತದೆಯೇ ಎಂದು ಡಾಕ್ಟರನ್ನು ಕೇಳಿದ. ಇಷ್ಟು ಏರುವುದು ಬಲು ಅಪರೂಪ ಎಂದರು.

ಎರಡು ದಿನ ಆಸ್ಪತ್ರೆಗೂ ಹೊರಡಲಿಲ್ಲ, ನಿಜವನ್ನೂ ಹೇಳಲಿಲ್ಲ. ಸುದ್ದಿ ಹಬ್ಬಿ ಮಂದಿ ಬಂದರು. ಅವನಿಂದ ಬೈಸಿಕೊಂಡ ಹಮಾಲರು ಬಾಳೆಹಣ್ಣು ತಂದರು. ಮಬ್ಬ ಸಾಹುಕಾರ ಬಂದು ಕಣ್ಣೊರೆಸಿಕೊಂಡ. ಎಲ್ಲರ ಮರುಕವನ್ನೂ ನಾಚಿಕೆಯಿಲ್ಲದೆ ಉಣ್ಣುತ್ತಾ ಗೋಡೆಗೆ ಮುಖ ಮಾಡಿ ಮಲಗಿದ್ದ. ಹೇಳಿದರೆ ಊರು ಉಗಿಯುತ್ತದೆ, ಈ ಮರುಕವೂ ಹೋಗುತ್ತದೆ. ಹೇಳದಿದ್ದರೆ ಕೊಟ್ರಬಸಪ್ಪ ತನ್ನೊಳಗೆ ಏನಿದೆ ಎಂದು ತಿಳಿಯದೆಯೇ ಹೊಲದಲ್ಲಿ ಬೀಳುತ್ತಾನೆ. ಇಷ್ಟು ಸರಳ ಲೆಕ್ಕಕ್ಕೆ ಆ ಮಹಾಬುದ್ಧಿವಂತನಿಗೆ ಎರಡು ದಿನ ಬೇಕಾಯಿತು. ಥೂ, ಅವನ ಬುದ್ಧಿಗಿಷ್ಟು.

ಮೂರನೇ ದಿನ ಬೆಳಿಗ್ಗೆ ಕೊಟ್ರಬಸಪ್ಪನೇ ಬಂದ. ಸುದ್ದಿ ಕೇಳಿ ಬಂದಿದ್ದ. ಬಂದವನು ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಂಗಿಯ ತೋಳು ಮೇಲಕ್ಕೇರಿಸಿದ.

"ಅವರು ಅವತ್ತು ತಗಂಡಿದ್ದು ಭಾಳ ಕಮ್ಮಿ ಆತಣ್ಣ. ಅದಕ್ಕ ನಿನಗ ಹಿಡಿದಿಲ್ಲ. ಈ ಸಲ ಎಷ್ಟ್ ಬೇಕೋ ಅಷ್ಟ್ ತಗೊಳ್ಳಲಿ, ನಡಿ ಹೋಗಾಣು" ಎಂದ.

ಏಕಾಂತಪ್ಪ ಬೆನ್ನು ಹಿಡಿದುಕೊಂಡು ಎದ್ದು ಕೂತ. ಗೋಡೆ ನೋಡುತ್ತಲೇ ಹೇಳಿದ.

"ಆ ಕಾಗದ ನಂದಲ್ಲ, ಕೊಟ್ರಬಸ. ನಿಂದು. ರೋಗ ನಿನ್ನ ರಕ್ತದಾಗ ಐತಿ. ನಂದು ಕೊಡಾಕ ಹೆದರಿ ನಿಂದು ಕೊಡಿಸಿದೆ."

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ನಾಗಲಿಂಗಮ್ಮ ಒಳಗೆ ಬಂದಳು. ನಲವತ್ತು ವರ್ಷ ಬೈಸಿಕೊಂಡವಳು, ಒಂದು ದಿನ ಎದುರಾಡಿದವಳಲ್ಲ. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಊರ ಮಂದಿನೆಲ್ಲ ಜೊಳ್ಳು ಅಂತಿದ್ರಿ" ಎಂದಳು. "ನಿಮ್ಮಷ್ಟು ಜೊಳ್ಳು ನಾ ಎಲ್ಲೂ ನೋಡಲಿಲ್ಲ ಬಿಡ್ರಿ."

ಕೊಟ್ರಬಸಪ್ಪ ತನ್ನ ತೋಳನ್ನು ನೋಡಿಕೊಂಡ. ಮೈಯೊಳಗೆ ಎಲ್ಲಿದೆ ಎಂದು ಕೇಳಿದ. ಏಕಾಂತಪ್ಪ ತೋರಿಸಿದ. ರಾತ್ರಿ ನಾಲ್ಕೈದು ಸಲ ಏಳುತ್ತೇನೆ, ಅದಕ್ಕೇ ಇರಬಹುದು ಎಂದು ತಮ್ಮ ತನಗೆ ತಾನೇ ಹೇಳಿಕೊಂಡ. ಆಮೇಲೆ ತೋಳು ಇಳಿಸಿ ಗುಂಡಿ ಹಾಕಿಕೊಂಡು, ಅತ್ತಿಗೆಯ ಕಡೆ ತಿರುಗಿದ.

"ಬೈಬ್ಯಾಡಬೇ ಅತ್ತಿಗಿ. ಹಂಗಾದ್ರ ಅಣ್ಣಂದು ಇನ್ನಾ ನೋಡೇ ಇಲ್ಲಲ್ಲ. ಬೆನ್ನು ಬ್ಯಾರೆ ಹಿಡ್ಕಂಡು ಕುಂತಾನ ನೋಡು. ಮದ್ಲ ಅವಂದು ನೋಡಸಾಣು."

ಏಕಾಂತಪ್ಪ ತಮ್ಮನನ್ನು ಹೆಡ್ಡ ಎನ್ನಲು ಬಾಯಿ ತೆರೆದ, ಆಗಲಿಲ್ಲ. ಬೆನ್ನು ಹಿಡಿದುಕೊಂಡೇ ಎದ್ದು, ಅವನಿಗಿಂತ ಮುಂಚೆ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.