ನಿರ್ಮಾಲ್ಯದ ಬಕೆಟ್ಟು

ನಮ್ಮ ಅತ್ತೆಯ ಬೆಳಗಿಗೆ ಒಂದು ಕ್ರಮವಿದೆ, ಅದನ್ನು ಬದಲಿಸುವ ಧೈರ್ಯ ಡಾಕ್ಟರಿಗೂ ಇಲ್ಲ. ಮೊದಲು ಸ್ನಾನ, ಆಮೇಲೆ ಇಷ್ಟಲಿಂಗ ಪೂಜೆ, ಆಮೇಲೆ ಇನ್ಸುಲಿನ್ ಸೂಜಿ, ಅರ್ಧ ಗಂಟೆ ಬಿಟ್ಟು ತಿಂಡಿ. ಎಳೆ ವಯಸ್ಸಿನಲ್ಲಿ ದೀಕ್ಷೆ ಕೊಟ್ಟು ಕಟ್ಟಿದ ಲಿಂಗ ಅದು. ಬಟ್ಟೆಯಲ್ಲಿ ಸುತ್ತಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು, ಎದೆಯ ಮೇಲೆ ಧರಿಸಿರುತ್ತಾರೆ. ಪೂಜೆಗೆ ಕೂತಾಗ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೀರೆರೆಯುತ್ತಾರೆ, ಆ ನೀರನ್ನೇ ತೀರ್ಥವೆಂದು ಕುಡಿಯುತ್ತಾರೆ. ಅದಕ್ಕೆ ಮುಂಚೆ ಬೇರೇನೂ ಗಂಟಲಿಗೆ ಇಳಿಯುವುದಿಲ್ಲ. ಇನ್ನು ಸೂಜಿಯ ವಿಷಯಕ್ಕೆ ಬಂದರೆ, ಹಾಕಿದ ಮೇಲೆ ತಿಂಡಿ ತಪ್ಪಲೇಬಾರದು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಸಕ್ಕರೆ ಇಳಿದರೆ ಮಾತಾಡುತ್ತ ಕೂತವರೇ ಪ್ರಜ್ಞೆ ತಪ್ಪುತ್ತಾರೆ, ಈ ವಯಸ್ಸಿನಲ್ಲಿ ಮತ್ತೆ ಏಳುತ್ತಾರೆ ಅನ್ನುವ ಖಾತ್ರಿ ಇಲ್ಲ, ಅಂದಿದ್ದರು. ಅಂದಿನಿಂದ ಸೂಜಿಗೂ ತಟ್ಟೆಗೂ ನಡುವಿನ ಆ ಅರ್ಧ ಗಂಟೆ ನಾನು ಗಡಿಯಾರ ನೋಡುತ್ತಲೇ ಕೆಲಸ ಮಾಡುತ್ತೇನೆ.

ಮನೆ ದೊಡ್ಡನೆಕ್ಕುಂದಿಯಲ್ಲಿ. ಕೆಳಗೆ ಬಾಡಿಗೆಯವರು, ಮೇಲೆ ನಾವು ಮೂವರು, ನಮ್ಮ ತಲೆಯ ಮೇಲೆ ಟೆರೇಸು. ಟೆರೇಸು ಪೂರ್ತಿ ನಮ್ಮ ಯಜಮಾನರ ಸಾಮ್ರಾಜ್ಯ. ಅವರಿಗೆ ಇಲ್ಲೇ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸ. ಆ ಕಣ್ಣನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದಿದ್ದರೆ ನಾನು ಬದುಕುತ್ತಿದ್ದೆ. ನಮ್ಮ ಮನೆಯ ಕಸಕ್ಕೆ ಸಿಗುವ ಮರ್ಯಾದೆ ನೆಂಟರಿಗೂ ಸಿಗುವುದಿಲ್ಲ. ಹಸಿ ಕಸಕ್ಕೊಂದು ಬಕೆಟ್ಟು, ಒಣ ಕಸಕ್ಕೊಂದು ಡಬ್ಬ, ಹಾಲಿನ ಕವರನ್ನು ತೊಳೆದು ಬಟ್ಟೆಯ ಹಾಗೆ ತಂತಿಗೆ ಒಣಹಾಕಬೇಕು. ಯೋಜನೆ ಅವರದು, ತೊಳೆಯುವ ಕೈ ನನ್ನದು.

ಮೊದಲು ಟೆರೇಸಿಗೆ ಸೋಲಾರ್ ಬಂತು. ಬಂದ ವಾರವೇ ಇವರು ಹಳೆಯ ಯುಪಿಎಸ್ಸನ್ನೂ ಬ್ಯಾಟರಿಯನ್ನೂ ಗುಜರಿಯವನಿಗೆ ಕೊಟ್ಟರು. ಮೇಲೆ ಸೂರ್ಯನೇ ಇರುವಾಗ ಈ ಡಬ್ಬ ಯಾಕೆ ಅಂದರು. ಮುಂದಿನ ಸಲ ಕರೆಂಟು ಹೋದಾಗ, ನೆತ್ತಿಯ ಮೇಲೆ ಸುಡುಬಿಸಿಲಿದ್ದರೂ ನಮ್ಮ ಫ್ಯಾನು ನಿಂತುಹೋಯಿತು. ಬ್ಯಾಟರಿ ಇಲ್ಲದೆ ಬೀದಿಯ ಲೈನಿಗೆ ಜೋಡಿಸಿದ ಸೋಲಾರು, ಲೈನು ಸತ್ತರೆ ತಾನೂ ಸುಮ್ಮನಾಗುತ್ತದಂತೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ನಿಗೆ ನಮ್ಮ ಕರೆಂಟು ಹೊಡೆಯುತ್ತದೆ. ಕೂರಿಸಿದವರು ಇದನ್ನು ಹೇಳಿಯೇ ಹೋಗಿದ್ದರು, ಇವರ ಕಿವಿಗೆ ಬಿದ್ದಿರಲಿಲ್ಲ. "ಬ್ಯಾಟರಿ ಆಮೇಲೆ ಹಾಕಿಸೋಣ ಬಿಡು" ಎಂದು ಮಾತು ಮುಗಿಸಿದರು.

ಆಮೇಲೆ ಗೊಬ್ಬರದ ಮಷೀನು ಬಂತು. ಮೊಣಕಾಲೆತ್ತರದ ಡ್ರಮ್ಮು, ಒಳಗೆ ಒಂದು ಕಬ್ಬಿಣದ ತೋಳು. ಬಿಸಿಲಿನ ಹೊತ್ತಿನಲ್ಲಿ ಅದು ತಾನಾಗಿಯೇ ತಿರುಗಿ, ಅಡುಗೆಮನೆಯ ಸಿಪ್ಪೆ ತೊಟ್ಟುಗಳನ್ನೆಲ್ಲ ಅರೆದು ಕಲಸುತ್ತದೆ. ಮುಚ್ಚಳ ತೆಗೆದರೆ ತೋಳು ನಿಲ್ಲುವಂತೆ ಒಂದು ಪುಟ್ಟ ಸ್ವಿಚ್ಚಿತ್ತು. ಅದು ಕೆಟ್ಟ ಮೇಲೆ ಇವರು ಅಲ್ಲಿಗೆ ಟೇಪು ಸುತ್ತಿ, ಈಗ ಸರಿಯಾಯಿತು ಅಂದಿದ್ದರು. ಅಂದಿನಿಂದ ಮುಚ್ಚಳ ತೆಗೆದಿದ್ದರೂ ತೋಳು ತಿರುಗುತ್ತಿತ್ತು.

ಅತ್ತೆ ಧಾರವಾಡದ ಕಡೆಯವರು. ಸೋಲಾರಿಗೂ ಮಷೀನಿಗೂ ಅವರ ತಕರಾರಿರಲಿಲ್ಲ, ಒಂದೇ ಒಂದು ಷರತ್ತು ಹಾಕಿದರು.

"ನಾ ಬ್ಯಾಡ ಅನ್ನೂದಿಲ್ಲಪಾ," ಎಂದರು ಮಗನಿಗೆ. "ಗೊಬ್ಬರ ಮಾಡು, ಏನರ ಮಾಡು. ಆದರ ಲಿಂಗದ ಮ್ಯಾಲಿಂದ ಇಳಿದ ಹೂವ, ಪತ್ರಿ, ಉಳ್ಳಾಗಡ್ಡಿ ಸಿಪ್ಪಿ ಕೂಡ ಬೀಳಬಾರದು."

ಹಾಗಾಗಿ ನಿರ್ಮಾಲ್ಯಕ್ಕೆಂದೇ ಒಂದು ಬಿಳಿ ಬಕೆಟ್ಟು, ಅದನ್ನು ಸುರಿಯಲು ಟೆರೇಸಿನಲ್ಲಿ ಪ್ಯಾನೆಲ್ಲುಗಳ ನೆರಳಿಗೆ ಒಂದು ಮಣ್ಣಿನ ಮಡಕೆ ಬಂದವು. ಪೂಜೆಯ ತಟ್ಟೆಯನ್ನು ಅತ್ತೆಯೇ ಬಿಳಿ ಬಕೆಟ್ಟಿಗೆ ಸುರಿಯುತ್ತಿದ್ದರು, ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಇವರು ಎರಡೂ ಬಕೆಟ್ಟುಗಳನ್ನು ದಿನವೂ ಮೇಲೆ ಒಯ್ಯುತ್ತಿದ್ದರು. ಮನೆಯಲ್ಲಿ ಶಾಂತಿ ಇತ್ತು.

ಆ ದಿನ ಪೂಜೆ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ದೇವರ ಕೋಣೆಗೆ ಕಿಟಕಿಯಿಲ್ಲ. ಒಂದು ಪುಟ್ಟ ದೀಪ ಉರಿಯುತ್ತಿತ್ತು, ಆದರೆ ಅತ್ತೆಯ ಕಣ್ಣಿಗೆ ಪೊರೆ ಬಂದು ಆಪರೇಷನ್ ಬಾಕಿ ಇತ್ತು. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗಳೂ ಜೋಮು ಹಿಡಿದಿದ್ದವು.

"ಟಾರ್ಚ್ ತರ್ಲಾ ಅತ್ತೆ?" ಎಂದು ನಾನು ಅಡುಗೆಮನೆಯಿಂದಲೇ ಕೇಳಿದೆ.

"ಬ್ಯಾಡವಾ, ಮುಗೀತು."

ಕರಡಿಗೆ ಮುಚ್ಚಿದ ಸದ್ದು ಕೇಳಿಸಿತು. ಅವರು ಹೂವನ್ನು ಬಕೆಟ್ಟಿಗೆ ಸುರಿದರು, ಇವರು ಬಕೆಟ್ಟುಗಳನ್ನು ಮೇಲೆ ಒಯ್ದು ಬಂದರು. ನಾನು ಸೂಜಿ ಹಾಕಿದೆ. ಅರ್ಧ ಗಂಟೆ ಕಳೆದ ಮೇಲೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದೆ. ಕರೆಂಟು ಇನ್ನೂ ಬಂದಿರಲಿಲ್ಲ.

ಅತ್ತೆ ಉಣ್ಣುವ ಮುಂಚೆ ಕರಡಿಗೆಯನ್ನು ಕೈಯಲ್ಲಿ ಹಿಡಿದು, ತಟ್ಟೆಯನ್ನು ಮನಸ್ಸಿನಲ್ಲೇ ಲಿಂಗಕ್ಕೆ ಅರ್ಪಿಸುತ್ತಾರೆ. ಹಿಡಿದವರು ಹಾಗೇ ನಿಂತುಬಿಟ್ಟರು. ಕರಡಿಗೆಯ ಸಂದಿನಿಂದ ಬಿಳಿ ಪುಡಿ ಉದುರಿ ಸೀರೆಯ ಮೇಲೆ ಬಿದ್ದಿತ್ತು. ಮುಚ್ಚಳ ತೆಗೆದು, ಬಟ್ಟೆ ಬಿಚ್ಚಿ ನೋಡಿದರು. ಒಳಗಿದ್ದದ್ದು ವಿಭೂತಿಯ ಉಂಡೆ. ಅದೇ ಗಾತ್ರದ್ದು, ತಟ್ಟೆಯಲ್ಲಿ ಪಕ್ಕದಲ್ಲೇ ಇದ್ದದ್ದು. ಕತ್ತಲಲ್ಲಿ ಬಟ್ಟೆ ಹುಡುಕಲು ಲಿಂಗವನ್ನು ಒಂದು ಗಳಿಗೆ ತಟ್ಟೆಯಲ್ಲಿಟ್ಟಿದ್ದರು. ಮೈತುಂಬ ವಿಭೂತಿ ಬಳಿದಿದ್ದ ಲಿಂಗವೂ ಬಿಳಿ, ಉಂಡೆಯೂ ಬಿಳಿ. ಉಂಡೆಯನ್ನು ಕಟ್ಟಿಕೊಂಡು, ಲಿಂಗವನ್ನು ಹೂವಿನ ಜೊತೆ ಸುರಿದುಬಿಟ್ಟಿದ್ದರು.

ಅವರು ಅಳಲಿಲ್ಲ. ತಟ್ಟೆಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು.

"ಅತ್ತೆ, ಸೂಜಿ ಆಗಿದೆ. ಹುಡುಕೋಣ, ಮೇಲೇ ಇರುತ್ತೆ. ಮೊದಲು ಎರಡು ತುತ್ತು ತಿನ್ನಿ."

"ಲಿಂಗ ಇಲ್ಲದ ಮೈಗೆ ರೊಟ್ಟಿ ಯಾಕವಾ?"

ಆ ಧ್ವನಿಯಲ್ಲಿ ಹಠವಿದ್ದಿದ್ದರೆ ನಾನು ಜಗಳವಾಡುತ್ತಿದ್ದೆ. ಹಠ ಇರಲಿಲ್ಲ, ನನಗೆ ಗೊತ್ತಿರುವ ಒಂದು ವಿಷಯವನ್ನು ನೆನಪಿಸಿದ ಹಾಗಿತ್ತು. ನಾನೂ ಲಿಂಗ ಕಟ್ಟಿದ ಮನೆಯಲ್ಲೇ ಹುಟ್ಟಿದವಳು. ತುಮಕೂರಿನ ನಮ್ಮ ಮನೆಯಲ್ಲಿ ಅದು ದೇವರ ಗೂಡಿನಲ್ಲಿರುತ್ತಿತ್ತು, ಹಬ್ಬಕ್ಕೆ ಇಳಿಯುತ್ತಿತ್ತು. ಈ ಹೆಂಗಸಿಗೆ ಅದು ಉಸಿರು. ಒಂದು ಚಮಚ ಸಕ್ಕರೆಯನ್ನು ತುಟಿಯ ಹತ್ತಿರ ಹಿಡಿದೆ, ಮುಖ ತಿರುಗಿಸಿದರು. ಆಸ್ಪತ್ರೆಗೆ ಹೋಗೋಣ ಅಂದೆ. ಲಿಂಗ ಮೈಮೇಲೆ ಇಲ್ಲದೆ ಹೊಸ್ತಿಲು ದಾಟುವುದಿಲ್ಲ ಅಂದರು.

ಗಂಡನ ಕಡೆ ತಿರುಗಿದೆ. "ರೀ, ಹೋಗಿ ಮಡಕೆ ಬಗ್ಗಿಸಿ. ಬೆಳಗ್ಗೆ ಹಾಕಿದ್ದು ಮೇಲೇ ಇರತ್ತೆ."

ಇವರು ಕದಲಲಿಲ್ಲ.

"ಮಡಕೆಯಾಗ ಇಲ್ಲ," ಅಂದರು.

"ಮತ್ತೆ?"

"ಮಷೀನಿಗೆ ಹಾಕಿದೆ. ಬರೇ ಅಡುಗೆಮನೆ ಕಸ ಹಾಕಿದ್ರ ಒಳಗ ಕೊಳತು ನಾರತೈತಿ, ಹೂವು ಪತ್ರಿ ಸೇರಿದ್ರ ಸರಿ ಹೋಗ್ತೈತಿ. ಭಾಳ ದಿನದಿಂದ ಹಂಗ ಮಾಡ್ತಿದ್ದೆ."

ಅತ್ತೆ ಮಗನನ್ನು ನೋಡಿದರು. ಕಪಾಳಕ್ಕೆ ಹೊಡೆದಿದ್ದರೆ ಇವರಿಗೆ ಹಗುರಾಗುತ್ತಿತ್ತೇನೋ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಸಿಟ್ಟಿಗೆ ಪುರುಸೊತ್ತಿರಲಿಲ್ಲ. ಕರೆಂಟಿಲ್ಲದ್ದರಿಂದ ಮಷೀನು ಇನ್ನೂ ತಿರುಗಿರಲಿಲ್ಲ. ಬಂದ ತಕ್ಷಣ ತಿರುಗುತ್ತದೆ. ಕಬ್ಬಿಣದ ತೋಳಿಗೆ ಸಿಕ್ಕಿ ಲಿಂಗ ಒಡೆದರೆ, ಒಡೆದ ಲಿಂಗವನ್ನು ಅವರು ಕಟ್ಟುವಂತಿಲ್ಲ. ಇವರು ಮೆಟ್ಟಿಲು ಹತ್ತಿ ಓಡಿದರು.

ನಾನು ಅತ್ತೆಯನ್ನು ಕಿಟಕಿಯ ಹತ್ತಿರ ಕೂರಿಸಿ ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಅಂಕಿ ಆಗಲೇ ಇಳಿದಿತ್ತು. ಹಣೆಯ ವಿಭೂತಿಯ ಕೆಳಗೆ ಬೆವರು ಮೂಡಿತ್ತು. ಆಕಳಿಸಿದರು. ಡಾಕ್ಟರು ಹೇಳಿದ ಲಕ್ಷಣಗಳೆಲ್ಲ ಒಂದೊಂದಾಗಿ ಬರುತ್ತಿದ್ದವು. ಕೆಳಗಿನ ಮನೆಯವರನ್ನು ಕೂಗಿ, ನಾಲ್ಕು ಜನ ಸೇರಿ ಎತ್ತಿಕೊಂಡಾದರೂ ಆಸ್ಪತ್ರೆಗೆ ಹೋಗುವುದು ಎಂದು ಮನಸ್ಸಿನಲ್ಲಿ ತೀರ್ಮಾನಿಸುತ್ತಿದ್ದೆ. ಹಾಗೆ ಒಯ್ದರೆ ಅವರು ಬದುಕುತ್ತಾರೆ, ಆಮೇಲೆ ನನ್ನ ಮುಖ ನೋಡುವುದಿಲ್ಲ. ನೋಡದಿದ್ದರೆ ಬೇಡ ಅಂದುಕೊಂಡೆ.

ಅಷ್ಟರಲ್ಲಿ ತಲೆಯ ಮೇಲೆ ಫ್ಯಾನು ಮೆಲ್ಲಗೆ ತಿರುಗತೊಡಗಿತು.

ಬೇರೆ ದಿನವಾಗಿದ್ದರೆ ಅಬ್ಬ ಬಂತಲ್ಲ ಅನ್ನುತ್ತಿದ್ದೆ. ಆ ದಿನ ಕಣ್ಣ ಮುಂದೆ ಬಂದದ್ದು ಡ್ರಮ್ಮಿನೊಳಗಿನ ಇವರ ಕೈ. ಪ್ಲಗ್ಗು ತೆಗೆದಿರುತ್ತಾರೆ ಎಂದು ಒಂದು ಮನಸ್ಸು ಹೇಳಿತು. ಕೆಟ್ಟ ಸ್ವಿಚ್ಚಿಗೆ ಟೇಪು ಸುತ್ತಿದ ಮನುಷ್ಯ, ತಾಯಿ ಕೆಳಗೆ ಸಾಯುತ್ತಿರುವಾಗ ಪ್ಲಗ್ಗು ನೆನಪಿಟ್ಟುಕೊಳ್ಳುತ್ತಾರೆಯೇ ಎಂದು ಇನ್ನೊಂದು ಮನಸ್ಸು ಕೇಳಿತು. ಕೂಗಿದರೆ ಟೆರೇಸಿಗೆ ಕೇಳಿಸುವ ಹೊತ್ತಿಗೆ ತೋಳು ತಿರುಗಿರುತ್ತದೆ. ಮೇನ್ ಸ್ವಿಚ್ಚು ಬಾಗಿಲ ಪಕ್ಕದಲ್ಲಿ, ಕೈಗೆಟಕುವ ಹಾಗೆ ಇತ್ತು. ಓಡಿಹೋಗಿ ಕೆಳಗೆಳೆದೆ. ಫ್ಯಾನು ನಿಂತಿತು, ಫ್ರಿಜ್ಜಿನ ಸದ್ದು ನಿಂತಿತು.

ಮೇಲಿನಿಂದ ಸದ್ದಿಲ್ಲ. "ರೀ," ಎಂದು ಕೂಗಿದೆ. ಮತ್ತೆ ಕೂಗುವಷ್ಟರಲ್ಲಿ ಇವರು ಮೆಟ್ಟಿಲಿಳಿದು ಬಂದರು. ಬಲಗೈ ಮೊಣಕೈವರೆಗೆ ಕಪ್ಪು ಗೊಬ್ಬರ. ಮಣಿಕಟ್ಟಿನ ಹತ್ತಿರ ಚರ್ಮ ತರಚಿ ರಕ್ತ ಜಿನುಗುತ್ತಿತ್ತು. ಮಷೀನಿನ ತೋಳು ಕಾಲುಭಾಗ ಸುತ್ತು ತಿರುಗಿ ಕೈಯನ್ನು ಡ್ರಮ್ಮಿಗೆ ಒತ್ತಿದಾಗ ನಿಂತಿತಂತೆ. ಪ್ಲಗ್ಗು ತೆಗೆದಿರಲಿಲ್ಲ. ಮುಷ್ಟಿ ಬಿಚ್ಚಿದರು. ಟೀ ಪುಡಿ, ಬೆಂಡೆಕಾಯಿ ತೊಟ್ಟುಗಳ ನಡುವೆ ಲಿಂಗ ಇಡಿಯಾಗಿತ್ತು.

ಬಚ್ಚಲಲ್ಲಿ ತೊಳೆದು ತಂದು ತಾಯಿಯ ಮುಂದೆ ಮಂಡಿಯೂರಿ ಕೂತರು.

"ಎಲ್ಲಿ ಸಿಕ್ತಪಾ?" ಅತ್ತೆಯ ನಾಲಿಗೆ ತೊದಲುತ್ತಿತ್ತು.

ಹೂವಿನಲ್ಲೇ ಇತ್ತು ಎಂದುಬಿಡಲಿ ಎಂದು ನಾನು ಪ್ರಾರ್ಥಿಸಿದೆ. ಒಂದು ಸುಳ್ಳಿಗೆ ಆಗ ಅಷ್ಟು ಬೆಲೆಯಿತ್ತು. ಇವರು ಹೇಳಲಿಲ್ಲ.

"ಮುಸುರಿಯೊಳಗ, ಅವ್ವಾ. ಸಿಪ್ಪಿ ಕೂಡ ಬಿದ್ದಿತ್ತು."

ಅತ್ತೆ ಕಣ್ಣು ಮುಚ್ಚಿದರು. ಪ್ರಜ್ಞೆ ತಪ್ಪಿತೆಂದು ನಾನು ಭುಜ ಹಿಡಿದುಕೊಂಡೆ. ಮತ್ತೆ ಕಣ್ಣು ಬಿಟ್ಟರು, ಮಗನ ಮಣಿಕಟ್ಟಿನ ರಕ್ತವನ್ನು ನೋಡಿದರು. ಆಮೇಲೆ ಎಡಗೈ ಚಾಚಿದರು.

"ಕೊಡು ಇಲ್ಲೆ. ಮತ್ತ ಪೂಜಿ ಆಗಬೇಕು. ಆಮ್ಯಾಲೆ ಊಟ."

ಕೈ ಎಷ್ಟು ನಡುಗುತ್ತಿತ್ತೆಂದರೆ ಲಿಂಗ ಅಂಗೈಯಲ್ಲಿ ನಿಲ್ಲುತ್ತಿರಲಿಲ್ಲ. ಇವರು ತಮ್ಮ ಎಡಗೈಯನ್ನು ಅದರ ಕೆಳಗೆ ಆಸರೆಯಾಗಿ ಹಿಡಿದರು. ಹೂವಿಲ್ಲ, ಪತ್ರೆಯಿಲ್ಲ, ಇದ್ದದ್ದೆಲ್ಲ ಮಷೀನಿನಲ್ಲಿತ್ತು. ಎರಡನೆಯ ಪೂಜೆ ಮುಗಿಯುವವರೆಗೆ ಅವರು ತಡೆದಾರೆಂದು ನನಗೆ ಅನ್ನಿಸಲಿಲ್ಲ.

"ನೀರು ಸಾಕವಾ, ನೀರು ತಾ."

ನಾನು ಅಡುಗೆಮನೆಗೆ ಹೋದೆ. ಚೊಂಬಿಗೆ ನೀರು ತುಂಬಿಸಿದೆ. ಆಗ ಕೈ ತಾನಾಗಿ ಸಕ್ಕರೆ ಡಬ್ಬಕ್ಕೆ ಹೋಯಿತು. ಹಿಡಿಗೆ ಸಿಕ್ಕಷ್ಟು ಹಾಕಿದೆ, ಬೆರಳಲ್ಲೇ ಕಲಕಿದೆ. ಒಂದು ಪಾಪ ತಪ್ಪಿಸಲು ಇನ್ನೊಂದು ಮಾಡುತ್ತಿದ್ದೇನೆ ಎಂದು ಹೆದರಿದೆ. ಬಂದು ಲಿಂಗದ ಮೇಲೆ ಎರೆದೆ. ಅವರು ಮಂತ್ರ ಹೇಳಿದರು, ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅಂಗೈಯಲ್ಲಿ ನಿಂತ ನೀರನ್ನು ಬಾಯಿಗೆ ತಂದುಕೊಂಡರು.

ಗುಟುಕು ಗಂಟಲಲ್ಲೇ ಒಂದು ಕ್ಷಣ ನಿಂತಂತಾಯಿತು. ತಲೆಯೆತ್ತಿ ನನ್ನನ್ನು ನೋಡಿದರು. ಉಗುಳುತ್ತಾರೆ ಅಂದುಕೊಂಡೆ. ನುಂಗಿದರು. ಅಂಗೈಯನ್ನು ಮತ್ತೆ ಮುಂದೆ ಹಿಡಿದರು.

"ಇನ್ನಷ್ಟು ಹಾಕು."

ಎರೆದೆ, ಕುಡಿದರು. ಚೊಂಬು ಖಾಲಿಯಾಗುವವರೆಗೆ ಹೀಗೇ ನಡೆಯಿತು. ಆಮೇಲೆ ಲಿಂಗವನ್ನು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿ, ಬಟ್ಟೆಯಲ್ಲಿ ಸುತ್ತಿ ಕರಡಿಗೆಗೆ ಸೇರಿಸಿದರು. ರೊಟ್ಟಿ ಆರಿ ಗಟ್ಟಿಯಾಗಿತ್ತು, ಅದನ್ನೇ ಮುರಿದು ತಿಂದರು. ಬೆವರು ನಿಂತ ಮೇಲೆ ಮಗನಿಗೆ ಒಂದೇ ಮಾತು ಹೇಳಿದರು: "ನಾಳಿಂದ ಹೂವ ನಾನ ಮ್ಯಾಲೆ ಒಯ್ತೇನಿ." ಇವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಲ್ಲಿ ಬಹಳ ಹೊತ್ತು ಹರಿಯಿತು, ನೀರು ಪೋಲಾಗುತ್ತಿದೆ ಎಂದು ಆ ದಿನ ನಾನು ಹೇಳಲಿಲ್ಲ.

ಸಂಜೆ ಮೇನ್ ಸ್ವಿಚ್ಚಿನ ನೆನಪಾಗಿ ಮೇಲೆತ್ತಿದೆ. ಮಷೀನಿನ ಪ್ಲಗ್ಗನ್ನು ಯಾರೋ ಆಗಲೇ ತೆಗೆದಿದ್ದರು.

ಮರುದಿನ ಬೆಳಗ್ಗೆ ಕರೆಂಟಿದ್ದರೂ ಅತ್ತೆ ದೇವರ ಕೋಣೆಗೆ ಹೋಗಲಿಲ್ಲ. ಮಣೆಯನ್ನು ಕಿಟಕಿಯ ಹತ್ತಿರ, ಬಿಸಿಲು ಬೀಳುವ ಕಡೆ ಹಾಕಿಸಿಕೊಂಡು ಕೂತರು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕರೆದರು. ಹಿಂದಿನ ದಿನ ಬಿಟ್ಟರೆ ಯಾವತ್ತೂ ತಮ್ಮ ಪೂಜೆಯ ನೀರನ್ನು ನನ್ನಿಂದ ತರಿಸಿಕೊಂಡವರಲ್ಲ. ಚೊಂಬು ಹಿಡಿದು ಹೋದೆ. ಎರೆಯಲು ಬಗ್ಗಿದಾಗ, ಕಣ್ಣು ಲಿಂಗದ ಮೇಲೇ ಇಟ್ಟು, ಮಗನಿಗೆ ಕೇಳಿಸದ ಹಾಗೆ ಹೇಳಿದರು:

"ಇವತ್ತ ಬರೇ ನೀರು ಹಾಕವಾ. ನಿನ್ನಿದು ಭಾಳ ಸಿಹಿ ಆಗಿತ್ತು."